ಚಾಟ್ ಪ್ರೋಸೆಸ್ ಕೆಲಸಕ್ಕೆ ಈಗ ಬೆಂಗಳೂರಿಗೆ ಬರಬಹುದೇ?

ತುಮಕೂರಿನಲ್ಲಿ ಬಿ.ಕಾಂ ಮುಗಿಸಿದ ತಂಗಿಗೆ ಬೆಂಗಳೂರಿನ ಬಿಪಿಒ ಒಂದರಲ್ಲಿ ಚಾಟ್ ಪ್ರೋಸೆಸ್ (ಗ್ರಾಹಕರಿಗೆ ಚಾಟ್ ಮೂಲಕ ಉತ್ತರಿಸುವ ಕೆಲಸ) ಆಫರ್ ಬಂದಿದೆ, ಎಐ ಬಂದ ಮೇಲೆ ಈ ಕೆಲಸ ಉಳಿಯುತ್ತಾ ಅಂತ ಕೇಳಿದ್ದೀರಿ. ಸೇರಲಿ, ತಪ್ಪೇನಿಲ್ಲ. ಆದರೆ ಯಾವ ಕ್ಯೂಗೆ, ಅಂದರೆ ಯಾವ ಬಗೆಯ ಪ್ರಶ್ನೆಗಳ ಸಾಲಿಗೆ, ಹಾಕುತ್ತಾರೆ ಅನ್ನೋದನ್ನು ಆಫರ್ ಒಪ್ಪಿಕೊಳ್ಳುವ ಮುಂಚೆಯೇ ತಿಳಿದುಕೊಳ್ಳಲಿ. ಕಂಪನಿ ಹೆಸರಿಗಿಂತ, ಎರಡು ಮೂರು ಸಾವಿರ ಸಂಬಳದ ವ್ಯತ್ಯಾಸಕ್ಕಿಂತ ಅದು ಮುಖ್ಯ.

'ಆರ್ಡರ್ ಎಲ್ಲಿದೆ', 'ಪಾಸ್‌ವರ್ಡ್ ಮರೆತುಹೋಗಿದೆ', 'ಇನ್‌ವಾಯ್ಸ್ ಕಳಿಸಿ' ಅನ್ನುವಂಥ, ಒಂದೇ ಸ್ಕ್ರೀನ್ ನೋಡಿ ಉತ್ತರ ಹೇಳಬಹುದಾದ ಎಲ್1 (ಮೊದಲ ಹಂತದ) ಪ್ರಶ್ನೆಗಳು ಬಹುತೇಕ ಬಾಟ್ (ತಾನೇ ಉತ್ತರಿಸುವ ಸಾಫ್ಟ್‌ವೇರ್) ಪಾಲಾಗುತ್ತಿವೆ. ಆನ್‌ಲೈನ್ ಅಂಗಡಿ ತೆರೆಯಲು ನೆರವಾಗುವ, ಬೆಂಗಳೂರಿನದೇ ಆದ ದುಕಾನ್ ಕಂಪನಿಯ ಸಿಇಒ, ಸಪೋರ್ಟ್ ತಂಡದ ಶೇ 90ರಷ್ಟು ಜನರನ್ನು ತೆಗೆದು ಚಾಟ್‌ಬಾಟ್ ಹಾಕಿದ್ದೇವೆ ಅಂತ 2023ರ ಜುಲೈನಲ್ಲಿ ಬಹಿರಂಗವಾಗಿಯೇ ಹೇಳಿದ್ದರು. ಸ್ವೀಡನ್ನಿನ ಪೇಮೆಂಟ್ ಕಂಪನಿ ಕ್ಲಾರ್ನಾ 2024ರಲ್ಲಿ ತನ್ನ ಬಾಟ್ 700 ಜನರ ಕೆಲಸ ಮಾಡುತ್ತಿದೆ ಎಂದು ಬೀಗಿತು. ಮರುವರ್ಷ, ಗುಣಮಟ್ಟ ಕುಸಿಯಿತು ಎಂದು ಒಪ್ಪಿಕೊಂಡು ಮತ್ತೆ ಮನುಷ್ಯರನ್ನೇ ಹುಡುಕಿತು. ಮನುಷ್ಯರು ಬೇಕಾಗೋದು ಸುಲಭದ ಪ್ರಶ್ನೆಗಳಿಗಲ್ಲ, ಬಾಟ್ ಕೈಚೆಲ್ಲಿದ ಕೇಸುಗಳಿಗೆ.

ಅಂಥ ಒಂದು ಕೇಸ್ ನೋಡಿ. ಗ್ರಾಹಕರ ಯುಪಿಐನಿಂದ ದುಡ್ಡು ಕಟ್ ಆಗಿದೆ, ಆದರೆ ಆರ್ಡರ್ ಬಿದ್ದಿಲ್ಲ. ಬಾಟ್ ನೋಡುವುದು ಆರ್ಡರ್ ಟೇಬಲ್ಲನ್ನು ಮಾತ್ರ. ಹಾಗಾಗಿ 'ನಿಮ್ಮ ಹೆಸರಿನಲ್ಲಿ ಯಾವುದೇ ಆರ್ಡರ್ ಇಲ್ಲ' ಅಂತ ಮೂರು ಸಲ ವಿನಯದಿಂದ ಹೇಳುತ್ತೆ. ನಾಲ್ಕನೇ ಸಲಕ್ಕೆ ಚಾಟ್ ಏಜೆಂಟ್‌ಗೆ ಬರುವಾಗ ಮನುಷ್ಯ ಕೆಂಡವಾಗಿರುತ್ತಾನೆ. ಏಜೆಂಟ್ ಮಾಡಬೇಕಾದ್ದು: 12 ಅಂಕಿಯ ಯುಪಿಐ ರೆಫರೆನ್ಸ್ ನಂಬರ್ ಕೇಳಿ ಪಡೆಯೋದು, ಪೇಮೆಂಟ್ ಗೇಟ್‌ವೇ (ಕಂಪನಿಗೆ ದುಡ್ಡು ತಲುಪಿಸುವ ವ್ಯವಸ್ಥೆ) ಡ್ಯಾಶ್‌ಬೋರ್ಡ್‌ನಲ್ಲಿ ಹುಡುಕೋದು, ದುಡ್ಡು ಕಂಪನಿಗೆ ಬಂದಿದೆಯೋ ಬ್ಯಾಂಕಿನಲ್ಲೇ ನಿಂತಿದೆಯೋ ಖಚಿತ ಮಾಡಿಕೊಳ್ಳೋದು. ಬಂದಿದ್ದರೆ ಫೈನಾನ್ಸ್‌ಗೆ ರೀಫಂಡ್ ಟಿಕೆಟ್. ಬ್ಯಾಂಕಿನಲ್ಲೇ ಇದ್ದರೆ ರಿವರ್ಸಲ್ ಆಗುವವರೆಗೆ, ಅಂದರೆ ದುಡ್ಡು ತಾನಾಗಿ ಗ್ರಾಹಕರ ಖಾತೆಗೆ ವಾಪಸ್ ಬರುವವರೆಗೆ, ಕಾಯಲು ಹೇಳಬೇಕು. ಇಲ್ಲಿ ಅವಸರಪಟ್ಟು ಕೈಯಿಂದ ರೀಫಂಡ್ ಹಾಕಿದರೆ ದುಡ್ಡು ಎರಡು ಸಲ ಹೋಗುತ್ತೆ. ಇದನ್ನು ಕಲಿತವರಿಗೆ ಬೆಲೆ ಇದೆ. ಪೇಮೆಂಟ್, ಸಾಲ, ವಿಮೆ, ಮಾರಾಟಗಾರರ ದೂರುಗಳ ಕ್ಯೂ ಸಿಕ್ಕರೆ ಬಿಡಬೇಡಿ. ಬರೀ ಡೆಲಿವರಿ ಸ್ಟೇಟಸ್ ಕ್ಯೂ ಆದರೆ ಯೋಚಿಸಿ.

ಇಂಟರ್‌ವ್ಯೂನಲ್ಲಿ ಮೂರು ವಿಷಯ ಕೇಳಲಿ. ಒಂದೇ ಸಲಕ್ಕೆ ಎಷ್ಟು ಚಾಟ್ ನೋಡಬೇಕು? ಕಷ್ಟದ ಕೇಸುಗಳ ಕ್ಯೂನಲ್ಲಿ ಎರಡು ಸರಿ, ನಾಲ್ಕು ಅಂದರೆ ಹಿಂಸೆ. ಬಾಟ್ ಜೊತೆ ನಡೆದ ಮಾತೆಲ್ಲ ಏಜೆಂಟ್ ಸ್ಕ್ರೀನಿಗೆ ಬರುತ್ತಾ? ಬರದಿದ್ದರೆ ಗ್ರಾಹಕ ಎಲ್ಲವನ್ನೂ ಮತ್ತೆ ಹೇಳಬೇಕು, ರೇಟಿಂಗ್ ಬೀಳೋದು ಏಜೆಂಟ್ ತಲೆಗೆ. ಮೂರನೆಯದು, ಬಾಟ್ ಬಂದಮೇಲೆ ಎಎಚ್‌ಟಿ (ಒಂದು ಚಾಟ್ ಮುಗಿಸಲು ಹಿಡಿಯುವ ಸರಾಸರಿ ಸಮಯ) ಟಾರ್ಗೆಟ್ ಬದಲಾಗಿದೆಯಾ? ಹಿಂದೆ ಒಂದು ನಿಮಿಷದಲ್ಲಿ ಮುಗಿಯುತ್ತಿದ್ದ ಚಾಟ್‌ಗಳು ಸರಾಸರಿಯನ್ನು ತಗ್ಗಿಸುತ್ತಿದ್ದವು. ಈಗ ಅವಿಲ್ಲ, ಉಳಿದಿರೋದೆಲ್ಲ ಉದ್ದದ ಕೇಸುಗಳೇ. ಹಳೇ ಟಾರ್ಗೆಟ್ಟೇ ಇಟ್ಟುಕೊಂಡ ಕಡೆ ಜನ ನಿಲ್ಲಲ್ಲ. ಅಂದಹಾಗೆ, ಕೆಲಸ ಕೊಡಿಸಲು ಕನ್ಸಲ್ಟೆನ್ಸಿಯವರು ಡಿಪಾಸಿಟ್ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಕ್ವಾಲಿಟಿ ವಿಭಾಗವೇ ಮುಂದಿನ ಮೆಟ್ಟಿಲು ಅಂತ ಬಹಳ ಜನ ಹೇಳಿರುತ್ತಾರೆ. ನನ್ನ ಪ್ರಕಾರ ಅದರ ಮೇಲೆ ಭರವಸೆ ಇಡಬೇಡಿ. ಮೊದಲು ಏಜೆಂಟ್ ಒಬ್ಬರದು ತಿಂಗಳಿಗೆ ಕೆಲವೇ ಕರೆ ತೆಗೆದು ಕೇಳಿ ಅಂಕ ಕೊಡುತ್ತಿದ್ದರು. ಈಗ ಹಲವು ಕಡೆ ಎಲ್ಲ ಕರೆ, ಎಲ್ಲ ಚಾಟ್‌ಗೂ ಸಾಫ್ಟ್‌ವೇರೇ ಅಂಕ ಹಾಕುತ್ತೆ. ಅದು ಹಾಕಿದ ಅಂಕ ಸರಿಯೇ ಅಂತ ಪರೀಕ್ಷಿಸಲು ಬೇಕಾಗಿರೋದು ಕೆಲವರು ಮಾತ್ರ.

ಬೆಳೆಯುತ್ತಿರುವ ಕೆಲಸ ಇನ್ನೊಂದಿದೆ: ಬಾಟ್ ಓದುವ ನಾಲೆಡ್ಜ್ ಬೇಸ್ (ನಿಯಮ, ಉತ್ತರಗಳ ಪುಟಗಳ ಸಂಗ್ರಹ) ನೋಡಿಕೊಳ್ಳೋದು. ಬಾಟ್ ತಪ್ಪು ಹೇಳುವುದಕ್ಕೆ ಸಾಮಾನ್ಯ ಕಾರಣ, ಹಳೇ ರೀಫಂಡ್ ನಿಯಮದ ಪುಟವೂ ಹೊಸದೂ ಎರಡೂ ಒಳಗೇ ಕೂತಿರೋದು. ಎರಡನ್ನೂ ಬೆರೆಸಿ ಅದು ಮೂರನೇ ನಿಯಮವೊಂದನ್ನು ಹುಟ್ಟಿಸುತ್ತೆ. ತಪ್ಪಿನ ಹೊಣೆ ಕಂಪನಿಗೇ ಬರುತ್ತೆ. ಏರ್ ಕೆನಡಾದ ಬಾಟ್ ಟಿಕೆಟ್ ರಿಯಾಯಿತಿಯ ಬಗ್ಗೆ ತಪ್ಪು ಮಾಹಿತಿ ಕೊಟ್ಟಾಗ, 2024ರಲ್ಲಿ ಅಲ್ಲಿನ ನ್ಯಾಯಮಂಡಳಿ ಪ್ರಯಾಣಿಕನಿಗೆ ಪರಿಹಾರ ಕೊಡಿಸಿತು. ಹಾಗಾಗಿ ಒಂದು ವಿಷಯಕ್ಕೆ ಒಂದೇ ಪುಟ, ಮೇಲ್ಗಡೆ ಜಾರಿಯ ದಿನಾಂಕ, ಹಳೇ ಪುಟ ಪೂರ್ತಿ ತೆಗೆಯೋದು, ಪ್ರತಿ ಬದಲಾವಣೆ ಆದಮೇಲೆ ಗ್ರಾಹಕರು ನಿಜವಾಗಿ ಕೇಳಿದ ನೂರು ಪ್ರಶ್ನೆ ಹಾಕಿ ಉತ್ತರ ನೋಡೋದು. ಇಷ್ಟನ್ನು ಶಿಸ್ತಾಗಿ ಮಾಡಲು ಕೋಡಿಂಗ್ ಬೇಡ, ಕೇಸ್ ಗೊತ್ತಿರೋರು ಬೇಕು.

ತಂಗಿ ಮೊದಲ ದಿನದಿಂದಲೇ ಬಾಟ್‌ನಿಂದ ಬಂದ ಪ್ರತಿ ಚಾಟ್‌ಗೂ ಒಂದು ಸಾಲು ಬರೆದಿಡಲಿ: ಏನು ಕೇಳಿದರು, ಬಾಟ್ ಏನು ಹೇಳಿತು, ಎಲ್ಲಿ ತಪ್ಪಿತು. ವಾರಕ್ಕೊಮ್ಮೆ ಎಕ್ಸೆಲ್‌ನಲ್ಲಿ ಪಿವೋಟ್ ಹಾಕಿ (ಯಾವ ಕಾರಣ ಎಷ್ಟು ಸಲ ಎಂದು ಎಣಿಸಿ) ಮೇಲಿನ ಐದು ಕಾರಣ ಟೀಮ್ ಲೀಡ್‌ಗೆ ಕಳಿಸಲಿ. ಜೊತೆಗೆ ಒಂದು ಲೆಕ್ಕ: 'ಬಾಟೇ ಮುಗಿಸಿತು' ಎಂದು ದಾಖಲಾದವರಲ್ಲಿ ಏಳು ದಿನದೊಳಗೆ ಮತ್ತೆ ಬಂದವರೆಷ್ಟು? ಬೇಸತ್ತು ವಿಂಡೋ ಮುಚ್ಚಿದವರನ್ನೂ ಎಷ್ಟೋ ಕಡೆ ಸಮಸ್ಯೆ ಬಗೆಹರಿದವರ ಲೆಕ್ಕಕ್ಕೇ ಸೇರಿಸಿರುತ್ತಾರೆ. ಈ ಅಂಕಿ ತಂದುಕೊಟ್ಟವರ ಮಾತನ್ನು ಮ್ಯಾನೇಜರ್ ಕೇಳುತ್ತಾರೆ. ಎಕ್ಸೆಲ್ ಕೈಗೆ ಹತ್ತಿದಮೇಲೆ ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆಯಾದ ಎಸ್‌ಕ್ಯುಎಲ್‌ನ ಸೆಲೆಕ್ಟ್, ಜಾಯಿನ್, ಗ್ರೂಪ್ ಬೈ ಕಲಿತರೆ ಸಾಕು. ಸಾವಿರಾರು ರೂಪಾಯಿಯ 'ಎಐ ಕೋರ್ಸ್' ಬೇಡವೇ ಬೇಡ.

ಕನ್ನಡ ವಾಯ್ಸ್ ಕ್ಯೂ (ಕನ್ನಡದಲ್ಲಿ ಫೋನ್ ಕರೆ ನೋಡಿಕೊಳ್ಳುವ ಕೆಲಸ) ಸುರಕ್ಷಿತ ಅನ್ನೋದು ಅರ್ಧ ಸತ್ಯ. ಬೆಂಗಳೂರಿನ ಸರ್ವಂ ಕಂಪನಿ 2024ರಲ್ಲೇ ನಿಮಿಷಕ್ಕೆ 1 ರೂಪಾಯಿಯಿಂದ ಶುರುವಾಗುವ, ಭಾರತೀಯ ಭಾಷೆಗಳ ವಾಯ್ಸ್ ಏಜೆಂಟ್ ಬಿಟ್ಟಿತು. ಫೋನಿನ ಸಪ್ಪೆ ದನಿ, ಹಿಂದೆ ಬಸ್ಸಿನ ಹಾರನ್, 'ಎರಡೂವರೆ ಸಾವಿರ' ಮತ್ತು 'ಡಬಲ್ ಏಟ್' ಒಂದೇ ವಾಕ್ಯದಲ್ಲಿ, 'ಗಣಪತಿ ಗುಡಿ ಹಿಂದ್ಗಡೆ ಸಂದಿ' ಅನ್ನೋ ವಿಳಾಸ: ಇವುಗಳಲ್ಲಿ ಯಂತ್ರ ಎಡವುತ್ತೆ. ಆದರೆ ಕಂತು ನೆನಪಿಸುವ ಕರೆಗೆ ಅಷ್ಟೆಲ್ಲ ಬೇಕಾಗಿಲ್ಲ, ಯಂತ್ರವೇ ಸಾಕು.

ಕೊನೆಗೊಂದು ಎಚ್ಚರಿಕೆ. ತಂಗಿ ಬರೆದಿಡುವ ಆ ಎಕ್ಸೆಲ್‌ನಲ್ಲಿ ಗ್ರಾಹಕರ ಹೆಸರು, ಫೋನ್ ನಂಬರ್ ಇರಬಾರದು. ಅದನ್ನು ಸ್ವಂತ ಮೇಲ್‌ಗೆ ಕಳಿಸಿಕೊಳ್ಳುವುದಾಗಲಿ, ಕಂಪನಿ ಒಪ್ಪಿಗೆ ಇಲ್ಲದ ಚಾಟ್‌ಜಿಪಿಟಿಗೆ ಹಾಕುವುದಾಗಲಿ ಬೇಡ. ಡೇಟಾ ಹೊರಗೆ ಹೋಯಿತು ಅಂತ ಗೊತ್ತಾದರೆ ನೋಟಿಸ್ ಪೀರಿಯಡ್ಡನ್ನೂ ನೋಡದೆ ಐಡಿ ಕಾರ್ಡ್ ಕಿತ್ತುಕೊಳ್ಳುತ್ತಾರೆ.