ಥಂಡರ್‌ಬರ್ಡ್ 78ಕ್ಕೆ ಏರಿಸಿದ ಮೇಲೆ ಕಚೇರಿಯ ಮೇಲ್ ನಿಂತಿರುವ ಬಗ್ಗೆ

ನಮಸ್ಕಾರ. ಮೇಲ್ ತಂತ್ರಾಂಶವಾದ ಥಂಡರ್‌ಬರ್ಡನ್ನು 68ರಿಂದ 78ನೇ ಆವೃತ್ತಿಗೆ ಏರಿಸಿದ ಮೇಲೆ ಕಚೇರಿಯ ಖಾತೆಗೆ ಮೇಲ್ ಬರುತ್ತಲೂ ಇಲ್ಲ, ಅಲ್ಲಿಂದ ಹೋಗುತ್ತಲೂ ಇಲ್ಲ, ಆದರೆ ಅದೇ ಕಂಪ್ಯೂಟರಿನಲ್ಲಿ ಜಿಮೇಲ್ ಖಾತೆ ಸರಿಯಾಗಿದೆ ಎಂದು ಬರೆದಿದ್ದೀರಿ. ಈ ಕೊನೆಯ ಮಾತೇ ಮುಖ್ಯ ಸುಳಿವು: ತೊಂದರೆ ಕಚೇರಿಯ ಸರ್ವರಿನ ಕಡೆ ಇರಬಹುದು. ಖಾತೆಯನ್ನು ಅಳಿಸಿ ಮತ್ತೆ ಸೇರಿಸುವ ಕೆಲಸ ದಯವಿಟ್ಟು ಬೇಡ. ಅದು ಪತ್ರಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಇಡುವ ಪಾಪ್ ಖಾತೆಯಾಗಿದ್ದರೆ ಹಳೆಯ ಪತ್ರಗಳು ಕೈತಪ್ಪಬಹುದು.

ಸರ್ವರಿನೊಂದಿಗಿನ ಸಂಪರ್ಕವನ್ನು ಗೂಢಲಿಪಿಯಿಂದ ರಕ್ಷಿಸುವ ವಿಧಾನ ಟಿಎಲ್‌ಎಸ್. ಸೆಟ್ಟಿಂಗ್ ಬದಲಿಸದಿದ್ದರೆ 78ನೇ ಆವೃತ್ತಿಯು ಅದರ ಹಳೆಯ 1.0 ಮತ್ತು 1.1ರ ಸಂಪರ್ಕಗಳನ್ನು ಒಪ್ಪುವುದಿಲ್ಲ. ನಿಮ್ಮ ಕಚೇರಿಯ ಸರ್ವರಿನಲ್ಲಿ 2008ರಲ್ಲೇ ಬಂದ ಟಿಎಲ್‌ಎಸ್ 1.2 ಇನ್ನೂ ಜಾರಿಯಲ್ಲಿಲ್ಲದಿದ್ದರೆ, ಪಾಸ್‌ವರ್ಡ್ ಪರಿಶೀಲಿಸುವ ಹಂತಕ್ಕೂ ಮೊದಲೇ ಸಂಪರ್ಕ ಕಡಿದುಹೋಗುತ್ತದೆ. ಹಾಗಾಗಿ ಪಾಸ್‌ವರ್ಡ್ ಎಷ್ಟು ಸಲ ಬದಲಿಸಿದರೂ ಪ್ರಯೋಜನವಿಲ್ಲ. ಕಂಟ್ರೋಲ್, ಶಿಫ್ಟ್, ಜೆ ಕೀಲಿಗಳನ್ನು ಒಟ್ಟಿಗೆ ಒತ್ತಿ ದೋಷಗಳನ್ನು ತೋರಿಸುವ ಎರರ್ ಕನ್ಸೋಲ್ ತೆರೆದಿಟ್ಟುಕೊಂಡು 'ಗೆಟ್ ಮೆಸೇಜಸ್' ಒತ್ತಿ ನೋಡಿರಿ. 'ಅನ್‌ಸಪೋರ್ಟೆಡ್ ವರ್ಷನ್' ಎಂಬ ಪದಗಳು ಕಂಡರೆ ಕಾರಣ ಇದೇ.

ಥಂಡರ್‌ಬರ್ಡಿನ ಒಳಗಿನ ಸೆಟ್ಟಿಂಗ್‌ಗಳನ್ನು ಬದಲಿಸುವ ಕಾನ್ಫಿಗ್ ಎಡಿಟರಿನಲ್ಲಿ 'ಸೆಕ್ಯುರಿಟಿ.ಟಿಎಲ್‌ಎಸ್.ವರ್ಷನ್.ಮಿನ್' ಎಂಬುದರ ಮೌಲ್ಯವನ್ನು 3ರಿಂದ 1ಕ್ಕೆ ಇಳಿಸಿ, ಥಂಡರ್‌ಬರ್ಡನ್ನು ಮುಚ್ಚಿ ತೆರೆದರೆ ಮೇಲ್ ಮತ್ತೆ ಬರತೊಡಗುತ್ತದೆ. ಆದರೆ ಇದು ಎಲ್ಲ ಖಾತೆಗಳ ರಕ್ಷಣೆಯನ್ನೂ ಸಡಿಲಿಸುವುದರಿಂದ ನಾಲ್ಕಾರು ದಿನಗಳ ಮಟ್ಟಿಗೆ ಮಾತ್ರ ಇರಲಿ. ಸರ್ವರ್ ನೋಡಿಕೊಳ್ಳುವವರಿಗೆ ಇಂದೇ ತಿಳಿಸಿ, ಅವರು 1.2 ಜಾರಿಗೊಳಿಸಿದ ಕೂಡಲೇ ಮೌಲ್ಯವನ್ನು ಮತ್ತೆ 3ಕ್ಕೆ ತನ್ನಿರಿ. ಆ ದೋಷದ ಪದಗಳೇ ಕಾಣದಿದ್ದರೆ, ಆಂಟಿವೈರಸ್ಸಿನ ಮೇಲ್ ಸ್ಕ್ಯಾನಿಂಗ್ ಅನ್ನು ಸ್ವಲ್ಪ ಹೊತ್ತು ನಿಲ್ಲಿಸಿ ಪರೀಕ್ಷಿಸಿರಿ.