ಹಳೆಯ ಬಿಎಂಎಕ್ಸ್ ಸೈಕಲ್ಲಿಗೆ ಸೆಕೆಂಡ್‌ಹ್ಯಾಂಡ್ ಚಕ್ರ ಕೂರದಿದ್ದರೆ ಫ್ರೇಮನ್ನು ಉಜ್ಜಬಹುದೇ?

ಹಿಂದಿನ ಚಕ್ರದ ಆಕ್ಸಲ್ (ನಡುವಿನ ಅಚ್ಚು) ಫ್ರೇಮಿನ ಸೀಳಿಗೆ ಇಳಿಯುತ್ತಿಲ್ಲ, ಅರದಿಂದ ಉಜ್ಜಿ ಅಗಲ ಮಾಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. 1980ರ ದಶಕದ ಬಿಎಂಎಕ್ಸ್ ಫ್ರೇಮುಗಳ ಸೀಳು ಸಾಮಾನ್ಯವಾಗಿ 3/8 ಇಂಚಿನ ಆಕ್ಸಲ್‌ಗೆ ಹೊಂದುವಂಥದ್ದು. ನಿಮ್ಮ ಚಕ್ರದಲ್ಲಿರುವುದು ಈಚಿನ 14 ಮಿ.ಮೀ. ಆಕ್ಸಲ್ ಆಗಿದ್ದರೆ ಬದಲಿಸಬೇಕಾದದ್ದು ಚಕ್ರವನ್ನೇ ಹೊರತು, ಇಷ್ಟು ವರ್ಷ ಉಳಿದು ಬಂದ ಫ್ರೇಮನ್ನಲ್ಲ.

ಟೈರಿನ ಅಳತೆಯನ್ನೂ ನೋಡಿಕೊಳ್ಳಿ. 20×1.75 ಟೈರು 406 ಮಿ.ಮೀ. ರಿಮ್ಮಿಗೆ, 20×1 3/8 ಟೈರು 451 ಮಿ.ಮೀ. ರಿಮ್ಮಿಗೆ, ಎರಡನ್ನೂ 20 ಇಂಚು ಎಂದೇ ಮಾರುತ್ತಾರೆ, ಆದರೆ ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ.

ರಿಮ್ಮನ್ನು ಹಿಡಿದು ಅತ್ತಿತ್ತ ಅಲ್ಲಾಡಿಸಿದಾಗ ಚಕ್ರದ ನಡುಭಾಗವಾದ ಹಬ್ಬಿನಲ್ಲಿ ಕಟಕಟ ಎಂದರೆ ಕೋನ್ (ಒಳಗಿನ ಗುಂಡುಗಳನ್ನು ಹಿಡಿದಿಡುವ ಶಂಕುವಿನಾಕಾರದ ನಟ್ಟು) ಸಡಿಲವಾಗಿದೆ ಎಂದರ್ಥ. ಅದನ್ನು ಬಿಚ್ಚಿ, ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಗುಂಡುಗಳು ಓಡಾಡುವ ದಾರಿಯ ಮೇಲೆ ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಗುಳಿ ಬಿದ್ದಿದ್ದರೆ ಕೋನನ್ನೂ ಗುಂಡುಗಳನ್ನೂ ಒಟ್ಟಿಗೇ ಬದಲಿಸಬೇಕು. ಹಿಂದಿನ ಹಬ್ಬಿನಲ್ಲಿ ಸಾಮಾನ್ಯವಾಗಿ ಬದಿಗೆ 1/4 ಇಂಚಿನ 9 ಗುಂಡುಗಳಿರುತ್ತವೆ. ರಿಮ್ಮಿನ ಬೆಂಡ್ ತೆಗೆಯುವಾಗ ನಿಪ್ಪಲ್ಲನ್ನು (ಚಕ್ರದ ಕಡ್ಡಿಯ ತುದಿಯಲ್ಲಿರುವ ಪುಟ್ಟ ನಟ್ಟನ್ನು) ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ನಿಪ್ಪಲ್ಲುಗಳು ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ಒಂದೊಂದು ಹನಿ ಎಣ್ಣೆ ಬಿಟ್ಟಿರಿ.