ಕಿಟಕಿಯಾಚೆ ಗುಬ್ಬಿ, ಈಚೆ ಕಿಮೋ

ಮನೆಯಲ್ಲಿದ್ದು ಕಿಮೊಥೆರಪಿ ಪಡೆಯುತ್ತಿರುವವರು ಅಂಗಳದ ಹಕ್ಕಿ ನೋಡುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮವ್ವಗ ಮೂರು ವಾರಕ್ಕೊಮ್ಮೆ ಕಿಮೋ ನಡದೈತಿ. ಹಿತ್ತಲದಾಗ ಗುಬ್ಬಿಗೆ ನುಚ್ಚು, ನೀರು ಇಡೋದು ಆಕಿ ದಿನದ ರೂಢಿ. ಹಕ್ಕಿಯಿಂದ ಸೋಂಕು ಬರತೈತಿ, ಎಲ್ಲಾ ತಗದ್ ಒಗೀರಿ ಅಂತ ಬಂದವರೆಲ್ಲಾ ಹೇಳ್ತಾರ. ತಗದ್ರ ಆಕಿಗೆ ಬ್ಯಾಸರ. ಏನ್ ಮಾಡೂದು?
– ಓದುಗರು, ಸಪ್ತಾಪುರ, ಧಾರವಾಡ

ಉತ್ತರ: ತೆಗೆಯುವುದು ಬೇಡ, ಇಡುವ ಕೈ ಬದಲಾಗಲಿ. ದೂರದಿಂದ ಹಕ್ಕಿ ನೋಡಿದರೆ ಸೋಂಕು ಬರುವುದಿಲ್ಲ. ಅದು ಬರುವುದು ಹಿಕ್ಕೆ ಮುಟ್ಟಿದ ಕೈಯಿಂದ, ಒಣಗಿದ ಹಿಕ್ಕೆ ಧೂಳಾಗಿ ಮೂಗಿಗೆ ಹೋದಾಗ, ಪಾಚಿಗಟ್ಟಿದ ನೀರಿನಿಂದ, ಮುಗ್ಗಿದ ಕಾಳಿನಿಂದ. ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ, ಕ್ರಿಪ್ಟೊಕಾಕಸ್, ಆಸ್ಪರ್‌ಜಿಲಸ್‌ನಂಥ ಶಿಲೀಂಧ್ರ ಆರೋಗ್ಯವಂತರಿಗೆ ಅಷ್ಟಾಗಿ ತೊಂದರೆ ಕೊಡದಿದ್ದರೂ ಬಿಳಿ ರಕ್ತಕಣ ಕುಸಿದವರನ್ನು ಮಲಗಿಸಿಬಿಡುತ್ತವೆ. ಮೂರು ವಾರಕ್ಕೊಮ್ಮೆಯ ಕಿಮೋದಲ್ಲಿ ಆ ಕುಸಿತ ಸಾಮಾನ್ಯವಾಗಿ 7ರಿಂದ 14ನೇ ದಿನದ ನಡುವೆ. ಹಾಗಂತ ಉಳಿದ ದಿನ ತಾಯಿಯವರೇ ತಟ್ಟೆ ತೊಳೆಯಲಿ ಎಂದು ಬಿಡಬೇಡಿ. ಚಿಕಿತ್ಸೆ ಮುಗಿಯುವವರೆಗೆ ಕಾಳು, ನೀರು, ಕುಂಡದ ಮಣ್ಣು ಮೂರೂ ಬೇರೆಯವರ ಕೆಲಸ.

ನೀರಿಗೆ ಒಂದಡಿ ಅಗಲದ ಒರಟು ಮಣ್ಣಿನ ತಟ್ಟೆ ಸಾಕು. ನೀರು ಒಂದೂವರೆ ಇಂಚು ದಾಟಬಾರದು, ನಡುವೆ ಒಂದು ಕಲ್ಲಿರಲಿ. ನುಣುಪು ಪ್ಲಾಸ್ಟಿಕ್ ಬೋಗುಣಿಯಲ್ಲಿ ಗುಬ್ಬಿಯ ಕಾಲು ಜಾರುತ್ತದೆ, ಎರಡು ದಿನ ನೋಡಿ ಬರುವುದನ್ನೇ ಬಿಡುತ್ತದೆ. ತಟ್ಟೆ ಎರಡಿದ್ದರೆ ಕೆಲಸ ಹಗುರ: ಒಂದು ಬಳಕೆಯಲ್ಲಿ, ಇನ್ನೊಂದು ತೊಳೆದು ಬಿಸಿಲಿಗೆ ಬೋರಲು. ವಾರಕ್ಕೊಮ್ಮೆ ಒಂದು ಪಾಲು ಬಟ್ಟೆಯ ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ, ತಟ್ಟೆಯನ್ನು ಹತ್ತು ನಿಮಿಷ ಮುಳುಗಿಸಿ, ವಾಸನೆ ಹೋಗುವವರೆಗೆ ತೊಳೆದು ಒಣಗಿಸಿ. ಬ್ಲೀಚ್ ಜೊತೆ ಸಂಡಾಸಕ್ಕೆ ಹಾಕುವ ಆ್ಯಸಿಡ್ ಸೇರಿಸಿದರೆ ವಿಷಗಾಳಿ ಏಳುತ್ತದೆ, ಅದೊಂದು ನೆನಪಿರಲಿ.

ನೀರನ್ನು ಮಾತ್ರ ದಿನಾ ಚೆಲ್ಲಿ, ತಟ್ಟೆ ಉಜ್ಜಿ, ಹೊಸದು ಹಾಕಲೇಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬಲಿಯಲು ಒಂದು ವಾರ, ಹತ್ತು ದಿನ ಸಾಕು. ಕಿಮೋದಿಂದ ಪ್ಲೇಟ್‌ಲೆಟ್ ಮೊದಲೇ ಇಳಿದಿರುತ್ತದೆ, ಅದರ ಮೇಲೆ ಡೆಂಗಿ ಬಂದರೆ ಕಷ್ಟ. ಹಕ್ಕಿಯ ಹಿಕ್ಕೆಗೆ ಹೆದರುವ ಮನೆಯಲ್ಲೇ ಈ ನಿಂತ ನೀರನ್ನು ಮರೆತಿರುತ್ತಾರೆ.

ಕಾಳು ಒಂದು ಮುಷ್ಟಿ ಸಾಕು. ನವಣೆ, ಸಜ್ಜೆ, ಅಕ್ಕಿ ನುಚ್ಚು ನಡೆಯುತ್ತವೆ, ಉಪ್ಪು ಖಾರದ ಅನ್ನ ಬೇಡ. ಬೆಳಿಗ್ಗೆ ಇಟ್ಟದ್ದು ಮಧ್ಯಾಹ್ನದೊಳಗೆ ಖಾಲಿಯಾಗಬೇಕು, ಉಳಿದರೆ ಮರುದಿನ ಅಳತೆ ಇಳಿಸಿ. ಉಳಿದ ಕಾಳಿಗೆ ಇಲಿ ಬರುತ್ತದೆ, ಪಾರಿವಾಳ ಬಂದು ಗುಬ್ಬಿಯನ್ನು ಓಡಿಸುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ, ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಕಾಳು ಇಡುವುದನ್ನೇ ನಿಲ್ಲಿಸುವುದು ಒಳ್ಳೆಯದು. ಒದ್ದೆ ಕಾಳಿಗೆ ಒಂದೇ ದಿನದಲ್ಲಿ ಬೂಸ್ಟು ಹಿಡಿಯುತ್ತದೆ, ಹುಳುಹುಪ್ಪಟೆ ಹೇರಳವಾಗಿರುವ ಆ ತಿಂಗಳುಗಳಲ್ಲಿ ಹಕ್ಕಿಗೆ ನಿಮ್ಮ ನುಚ್ಚಿನ ಹಂಗೂ ಇಲ್ಲ.

ತಟ್ಟೆ ಕಿಟಕಿಯಿಂದ ಹತ್ತು ಹದಿನೈದು ಅಡಿ ದೂರವಿರಲಿ, ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ಬೇಡ. ಕೆಳಗೆ ಬಿದ್ದ ಹಿಕ್ಕೆಯನ್ನು ಒಣ ಕಸಬರಿಗೆಯಿಂದ ಗುಡಿಸುವುದು ದೊಡ್ಡ ತಪ್ಪು. ಮೊದಲು ನೀರು ಚಿಮುಕಿಸಿ, ಮಾಸ್ಕ್, ಕೈಗವಸು ಹಾಕಿಕೊಂಡು ಒರೆಸಿ ತೆಗೆಯಬೇಕು. ಆ ಹೊತ್ತು ತಾಯಿಯವರ ಕೋಣೆಯ ಕಿಟಕಿ ಮುಚ್ಚಿರಲಿ. ಹಕ್ಕಿಯ ಕಡೆಯಿಂದ ಯೋಚಿಸಿದರೂ ಒಂದು ಮಾತಿದೆ: ಕಿಮೋ ಆದ 48 ಗಂಟೆ ವಾಂತಿಯ ಬೋಗುಣಿ ತೊಳೆದ ನೀರನ್ನು ಹಿತ್ತಲಿನ ಗಿಡಕ್ಕೆ ಸುರಿಯಬೇಡಿ, ಸಂಡಾಸಕ್ಕೇ ಹಾಕಿ.

ಇದನ್ನೆಲ್ಲ ಮಾಡಲು ಮನೆಯಲ್ಲಿ ಮತ್ತೊಬ್ಬರು ಇಲ್ಲವೆಂದಾದರೆ ತಟ್ಟೆ ಬಿಟ್ಟು ಗಿಡ ನಂಬಿ. ದಾಸವಾಳಕ್ಕೆ ಮಕರಂದ ಹೀರುವ ಸೂರಕ್ಕಿ ಬರುತ್ತದೆ. ಕರಿಬೇವು ಹಣ್ಣಾದಾಗ ಪಿಕಳಾರ (ಬುಲ್‌ಬುಲ್), ಕೋಗಿಲೆ ತಪ್ಪುವುದಿಲ್ಲ. ಗಸಗಸೆ ಹಣ್ಣಿನ ಮರವೊಂದು ಪಕ್ಕದವರ ಹಿತ್ತಲಲ್ಲಿದ್ದರೂ ನಿಮಗೆ ಲಾಭವೇ.

ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಮಾತ್ರೆ ನುಂಗಿ ಬೆಳಗಿನವರೆಗೆ ಕಾಯಬೇಡಿ. ರಾತ್ರಿ ಎರಡಕ್ಕಾದರೂ ಆಸ್ಪತ್ರೆಗೆ ಹೋಗಿ, ಕಿಮೋ ನಡೆದಿದೆ ಎಂದು ಬಾಗಿಲಲ್ಲೇ ಹೇಳಿ.

ಪ್ರಶ್ನೆ: ತಂದೆಯವರಿಗೆ ಆಕ್ಸಾಲಿಪ್ಲಾಟಿನ್ ಎಂಬ ಕಿಮೋ ಔಷಧ ಕೊಟ್ಟು, ಜೊತೆಗೆ 46 ಗಂಟೆ ಔಷಧ ಹರಿಸುವ ಪಂಪ್ ಹಾಕಿ ಮನೆಗೆ ಕಳಿಸುತ್ತಾರೆ. ಬಲಗಡೆ ಕೊರಳೆಲುಬಿನ ಕೆಳಗೆ ಪೋರ್ಟ್ (ಔಷಧ ಕೊಡಲು ಚರ್ಮದಡಿ ಕೂರಿಸಿದ ಬಿಲ್ಲೆ) ಇದೆ. ಮನೆಯಲ್ಲಿ 10x50 ಬೈನಾಕ್ಯುಲರ್ ಇದೆ. ಅವರು ಎತ್ತುತ್ತಾರೆ, ಚಿತ್ರ ಕುಣಿಯುತ್ತದೆ, ಕೆಳಗಿಡುತ್ತಾರೆ. ಬೆರಳು ಜೋಮು ಹಿಡಿದು ಫೋಕಸ್ ಚಕ್ರವೂ ತಿರುಗುವುದಿಲ್ಲ.
– ಓದುಗರು, ಗದಗ

ಉತ್ತರ: ಅದು ಅಂಗಳಕ್ಕೆ ತಕ್ಕ ಯಂತ್ರವಲ್ಲ. ತೂಕ ಮುಕ್ಕಾಲು ಕಿಲೋ ಮೀರುತ್ತದೆ, ಹತ್ತು ಪಟ್ಟು ದೊಡ್ಡದು ಮಾಡುವಾಗ ಕೈಯ ನಡುಕವನ್ನೂ ಹತ್ತು ಪಟ್ಟು ಮಾಡುತ್ತದೆ. 8x32 ಸಿಕ್ಕರೆ ತೂಕ ಅರ್ಧ ಕಿಲೋದ ಆಸುಪಾಸು, ಎದುರಿಗೆ ಕಾಣುವ ಜಾಗವೂ ಅಗಲ. ಕೊಳ್ಳುವಾಗ ಎಂಟು ಅಡಿ ದೂರದ ಗೋಡೆಯ ಕ್ಯಾಲೆಂಡರ್ ಸ್ಪಷ್ಟ ಕಾಣುತ್ತದೆಯೇ ನೋಡಿ. ಕೆಲವು ಮಾಡೆಲ್ ಅಷ್ಟು ಹತ್ತಿರಕ್ಕೆ ಫೋಕಸ್ ಆಗುವುದೇ ಇಲ್ಲ.

ಹೊಸದು ಕೊಳ್ಳುವ ಮುಂಚೆ ಇದ್ದುದರಲ್ಲೇ ಒಂದು ಪ್ರಯತ್ನ ಮಾಡಬಹುದು. ಕಿಟಕಿಯ ಕಟ್ಟೆ ಅಥವಾ ಮೇಜಿನ ಮೇಲೆ ಒಂದು ಕೌದಿ ಸುತ್ತಿಟ್ಟು ಬೈನಾಕ್ಯುಲರ್ ಅದರ ಮೇಲೆ ಒರಗಲಿ, ಮೊಣಕೈ ಎರಡೂ ಮೇಜಿನ ಮೇಲಿರಲಿ. ನೀರಿನ ತಟ್ಟೆಗೆ ಸರಿಯಾಗಿ ಒಮ್ಮೆ ಫೋಕಸ್ ಮಾಡಿ, ಚಕ್ರದ ಮೇಲೂ ಪಕ್ಕದ ಕೊಳವೆಯ ಮೇಲೂ ಉಗುರುಬಣ್ಣದ ಒಂದೊಂದು ಚುಕ್ಕೆ ಇಡಿ. ಚುಕ್ಕೆಗೆ ಚುಕ್ಕೆ ಕೂಡಿದರೆ ತಟ್ಟೆ ಸ್ಪಷ್ಟ. ತಟ್ಟೆಯ ದೂರದಲ್ಲೇ ಹಕ್ಕಿ ಕೂರಲು ಒಂದು ಒಣ ಟೊಂಗೆ ನೆಡಿಸಿದರೆ ಚಕ್ರ ಮುಟ್ಟುವ ಪ್ರಸಂಗವೇ ಕಡಿಮೆ. ಚಕ್ರಕ್ಕೆ ಅಗಲದ ರಬ್ಬರ್ ಬ್ಯಾಂಡ್ ಎರಡು ಸುತ್ತು ಹಾಕಿದರೆ ಜೋಮಿನ ಬೆರಳಿಗೂ ಹಿಡಿತ ಸಿಗುತ್ತದೆ. ಕನ್ನಡಕದವರು ಕಣ್ಣಿನ ಬಳಿಯ ರಬ್ಬರ್ ಬಳೆಯನ್ನು ಒಳಕ್ಕೆ ಇಳಿಸಿಕೊಳ್ಳಬೇಕು, ಇಲ್ಲದಿದ್ದರೆ ಕೊಳವೆಯಲ್ಲಿ ಇಣುಕಿದ ಹಾಗೆ ಆಗುತ್ತದೆ.

ಕೊರಳಪಟ್ಟಿ ಬೇಡ. ಎದೆಗೆ ಅಡ್ಡ ಹಾಕುವ ಪಟ್ಟಿ ಇನ್ನೂ ಕೆಟ್ಟದ್ದು, ಸರಿಯಾಗಿ ಪೋರ್ಟಿನ ಮೇಲೇ ಉಜ್ಜುತ್ತದೆ. ಪಂಪ್ ಬಲೂನಿನ ಬಾಟಲಿಯದಾಗಿದ್ದರೆ ಅದರ ವೇಗ ಶಾಖದ ಮೇಲೆ ನಿಂತಿದೆ. ಮೈಗೆ ಅಂಟಿಸಿದ ಚಿಕ್ಕ ನಿಯಂತ್ರಕವನ್ನು ಕೀಳಬಾರದು, ಬಾಟಲಿ ಬಿಸಿಲಿಗೆ ಕಾಯಬಾರದು. ಕಾದರೆ ಔಷಧ ಬೇಗ ಹರಿಯುತ್ತದೆ. ನಳಿಕೆ ಕುರ್ಚಿಯ ಕೈಗೆ ಸಿಕ್ಕಿಕೊಳ್ಳದಂತೆ ಅಂಗಿಯೊಳಗೆ ಹಾಯಿಸಿ. ಆ ಪಂಪಿನ ಔಷಧ ಫ್ಲೋರೊಯುರಾಸಿಲ್ ಆಗಿದ್ದರೆ ಚರ್ಮಕ್ಕೂ ಬಿಸಿಲು ಸಲ್ಲದು, ಕುರ್ಚಿ ನೆರಳಿನಲ್ಲೇ ಇರಲಿ.

ಆಕ್ಸಾಲಿಪ್ಲಾಟಿನ್ ಆದ ಮೊದಲ ನಾಲ್ಕೈದು ದಿನ ತಣ್ಣಗಿನ ಲೋಹ ಮುಟ್ಟಿದರೆ ಬೆರಳಿಗೆ ಶಾಕ್ ಹೊಡೆದಂತೆ ಆಗುತ್ತದೆ, ಥಂಡಿ ಗಾಳಿಗೆ ಗಂಟಲು ಹಿಡಿಯುತ್ತದೆ. ಡಿಸೆಂಬರ್‌ನಲ್ಲಿ ಮುಂಜಾನೆ ಕಿಟಕಿ ತೆರೆದು ಕೂರುವ ಬದಲು ಒಂಬತ್ತರ ಮೇಲೆ ಕೂರಲಿ, ತೆಳು ಕೈಗವಸು ಹಾಕಿಕೊಳ್ಳಲಿ. ಸೂರಕ್ಕಿ, ಪಿಕಳಾರ ಒಂಬತ್ತಕ್ಕೂ ಬರುತ್ತವೆ.

ಪ್ರಶ್ನೆ: ಮನಸ್ಸಿಗೆ ಉಲ್ಲಾಸ ಇರಲೆಂದು ಸಂಬಂಧಿಕರು ಪಂಜರದ ಗಿಳಿ ತಂದುಕೊಡುತ್ತೇವೆ ಅನ್ನುತ್ತಾರೆ. ಇಟ್ಟುಕೊಳ್ಳಬಹುದೇ?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಬೇಡ. ಗಿಳಿಯ ಹಿಕ್ಕೆ, ಪುಕ್ಕದ ಧೂಳಿನಿಂದ ಸಿಟಕೋಸಿಸ್ ಎಂಬ ಶ್ವಾಸಕೋಶದ ಸೋಂಕು ಬರಬಹುದು. ಕೋಣೆಯೊಳಗಿನ ಪಂಜರಕ್ಕೂ ಅಂಗಳದ ಹಕ್ಕಿಗೂ ಇರುವ ವ್ಯತ್ಯಾಸ ಅದೇ. ಲವ್ ಬರ್ಡ್ಸ್‌ಗೂ ಇದೇ ಮಾತು. ನಮ್ಮ ಹಸಿರು ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಪ್ರಶ್ನೆ: ಕಿಮೋದ ದಿನ ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್‌ನಿಂದ ಎರಡು ರಾತ್ರಿ ನಿದ್ದೆ ಇರುವುದಿಲ್ಲ, ನಾಲ್ಕಕ್ಕೇ ಎಚ್ಚರ. ಬೈನಾಕ್ಯುಲರ್ ಹಿಡಿದರೆ ವಾಕರಿಕೆ. ಮಲಗಿದಲ್ಲಿಂದ ಹಕ್ಕಿ ಗುರುತಿಸಬಹುದೇ?
– ಓದುಗರು, ಹಾವೇರಿ

ಉತ್ತರ: ಮಾತ್ರೆ ಮನೆಯಲ್ಲೂ ಇದ್ದರೆ ಬೆಳಿಗ್ಗೆಯೇ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಮೊದಲು ಕೇಳಿ. ಎಚ್ಚರವಾದ ಮೇಲೆ ಕಿವಿ ಸಾಕು. ಮಾರ್ಚ್‌ನಿಂದ ಮಳೆಗಾಲದ ಮೊದಲವರೆಗೆ ಬೆಳಕು ಹರಿಯುವ ಮುಂಚೆಯೇ ಶಿಳ್ಳೆ ಹಾಕುವುದು ಹೆಚ್ಚಾಗಿ ಮಡಿವಾಳ ಹಕ್ಕಿ. ಒಂದು ಸಾಲು ಹಾಡಿ ತಡೆಯುತ್ತದೆ, ಮುಂದಿನ ಸಾಲು ಬೇರೆ ಇರುತ್ತದೆ. ಗಂಟಲು ಏರಿಸುತ್ತಾ ಹೋಗುವುದು ಕೋಗಿಲೆಯ ಗಂಡು. ಆಮೇಲೆ ಪಿಕಳಾರ. ದಾಸವಾಳದ ಗಿಡದೊಳಗಿಂದ ‘ಟುವ್ವಿ ಟುವ್ವಿ’ ಎಂದು ಗಾತ್ರಕ್ಕೆ ಮೀರಿ ಕೂಗುವುದು ಟುವ್ವಿ, ಎಲೆ ಹೊಲಿದು ಗೂಡು ಕಟ್ಟುವ ಹಕ್ಕಿ. ಬಿಸಿಲೇರಿದ ಮೇಲೆ ತಾಮ್ರದ ಕೊಡ ತಟ್ಟಿದಂತೆ ‘ಟುಕ್ ಟುಕ್’ ಅನ್ನುವುದು ಕಂಚುಕುಟಿಗ. ಅದು ತಲೆ ತಿರುಗಿಸುತ್ತಾ ಕೂಗುವುದರಿಂದ ದನಿ ಒಮ್ಮೆ ಹತ್ತಿರ ಒಮ್ಮೆ ದೂರ ಅನ್ನಿಸುತ್ತದೆ, ಎರಡು ಹಕ್ಕಿ ಎಂದು ಬರೆದುಕೊಳ್ಳಬೇಡಿ. ಗೊತ್ತಾಗದ ದನಿಗೆ ಮೊಬೈಲಿನ ಮರ್ಲಿನ್ ಆ್ಯಪ್ ಇದೆ, ಉಚಿತ. ಅದು ಹೇಳಿದ್ದನ್ನೆಲ್ಲ ನಂಬದೆ ಬೆಳಕಾದಾಗ ಕಣ್ಣಿಂದ ನೋಡಿ ಖಾತ್ರಿ ಮಾಡಿಕೊಳ್ಳಿ.

ಕಿಮೋದಲ್ಲಿ ಮರೆವು ಸಾಮಾನ್ಯ, ಹಾಗಾಗಿ ಕೇಳಿದ ಕೂಡಲೇ ಬರೆಯಿರಿ, ಮಾತ್ರೆಯ ಗುರುತು ಹಾಕುವ ಕ್ಯಾಲೆಂಡರಿನಲ್ಲೇ ಆದರೂ ಸರಿ. ಎಣಿಕೆ ಮಾಡುವುದಾದರೆ 15 ನಿಮಿಷ ಕೂತು, ಒಂದೇ ಸಲಕ್ಕೆ ಕಂಡ ಅತಿ ಹೆಚ್ಚು ಸಂಖ್ಯೆಯನ್ನಷ್ಟೇ ಬರೆಯಬೇಕು. ನಾಲ್ಕು ಗುಬ್ಬಿ ಹತ್ತು ಸಲ ಬಂದರೆ ಅವು ನಲವತ್ತಲ್ಲ. ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಹಕ್ಕಿ ಎಣಿಕೆಗೆ ಹಾಸಿಗೆಯಿಂದ ಮಾಡಿದ ಇಂಥ ಪಟ್ಟಿಯೂ ಇಬರ್ಡ್ ಎಂಬ ಹಕ್ಕಿಪಟ್ಟಿಯ ಜಾಲತಾಣದ ಮೂಲಕ ಸೇರುತ್ತದೆ.

ಪ್ರಶ್ನೆ: ಗದಗ ಜಿಲ್ಲೆಯ ಮಾಗಡಿ ಕೆರೆಯ ಹೆಬ್ಬಾತು ನೋಡಲು ಚಿಕಿತ್ಸೆಯ ನಡುವೆ ಹೋಗಬಹುದೇ?
– ಓದುಗರು, ಲಕ್ಷ್ಮೇಶ್ವರ

ಉತ್ತರ: ವೈದ್ಯರು ಒಪ್ಪಿದರೆ ಹೋಗಬಹುದು. ಮೂರು ವಾರದ ಸುತ್ತಿನಲ್ಲಿ ಕೊನೆಯ ವಾರ ಆರಿಸಿಕೊಳ್ಳಿ, ರಕ್ತಪರೀಕ್ಷೆಯಲ್ಲಿ ಬಿಳಿಕಣ ಮೇಲೆದ್ದಿರಬೇಕು. 2024ರಲ್ಲಿ ಮಹತ್ವದ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್‌ಗೆ ಸೇರಿದ ಈ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಬರುತ್ತವೆ. ಹೊಲಕ್ಕೆ ಮೇಯಲು ಹೋದವು ಹಗಲು ನೀರಿನಲ್ಲಿ ವಿಶ್ರಮಿಸುತ್ತವೆ, ಆದ್ದರಿಂದ ನಸುಕಿನಲ್ಲೇ ಓಡಬೇಕಿಲ್ಲ, ಮೈಗೆ ಬಿಸಿಲು ಹಿತವೆನಿಸುವ ಹೊತ್ತಿಗೆ ಹೋದರೂ ಸಿಗುತ್ತವೆ. ದಂಡೆಯ ಕೆಸರಿಗೆ, ಬಿದ್ದ ಪುಕ್ಕಕ್ಕೆ ಕೈ ಹಾಕಬೇಡಿ. ಕುಡಿಯುವ ನೀರು, ಊಟ ಮನೆಯದೇ ಇರಲಿ. ದಾರಿಯ ಧೂಳಿಗೆ ಮಾಸ್ಕ್, ಜೇಬಿನಲ್ಲಿ ಥರ್ಮಾಮೀಟರ್ ಮತ್ತು ಆಸ್ಪತ್ರೆಯ ಕಾರ್ಡ್ ಇರಲಿ, ಒಂದು ಮಡಚುವ ಕುರ್ಚಿಯನ್ನೂ ಗಾಡಿಯಲ್ಲಿ ಹಾಕಿಕೊಳ್ಳಿ.